ಮಾಡು ಬದಲಿಸಿದರೆ ಬರೀ ರಿಪೇರಿಯೇ?

ಕಳೆದ ಫೆಬ್ರುವರಿಯಲ್ಲಿ ತೀರ್ಥಹಳ್ಳಿಯ ನಮ್ಮ ಮನೆಯ ಹೆಂಚು ಇಳಿಸಿದೆವು. ವರ್ಷಾ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಿ, ಒಡೆದದ್ದನ್ನು ತೆಗೆದು ಬೇರೆಯದು ಇಟ್ಟರೆ ಸಾಕಾಗುತ್ತಿತ್ತು. ಈ ಸಲ ಅಡುಗೆಮನೆ ಮೇಲಿನ ಪಕಾಸಿಗೆ ಬಡಗಿ ಉಳಿ ಒತ್ತಿದ್ದೇ ತಡ, ಅದು ಹಿಡಿಯವರೆಗೂ ಒಳಗಿಳಿಯಿತು. ಒರಲೆ ತಿಂದ ಹುಡಿ ಅವನ ಮೊಣಕೈ ಮೇಲೆ ಸುರಿಯಿತು. ‘ಅಕ್ಕ, ಇದು ಈ ಮಳೆಗಾಲ ದಾಟ್ತಿರಲಿಲ್ಲ’ ಅಂದ.

ತೊಲೆ, ಪಕಾಸಿ, ರೀಪು ಎಲ್ಲ ತೆಗೆಸಿ ಕಬ್ಬಿಣದ ಪೈಪು ಕೂರಿಸಿದೆವು. ಗಟ್ಟಿ ಇದ್ದ ಹಳೆ ಹೆಂಚು ಮತ್ತೆ ಮೇಲೇರಿತು, ಕಡಿಮೆ ಬಿದ್ದದ್ದಕ್ಕೆ ಹೊಸದು ತಂದೆವು. ಮಣ್ಣಿನ ಹೆಂಚಿಗೆ ಜಿಎಸ್‌ಟಿ ಶೇ 12, ಕಬ್ಬಿಣಕ್ಕೆ ಶೇ 18. ಖರ್ಚು ಒಟ್ಟು ಆರೂವರೆ ಲಕ್ಷ. ಅದರಲ್ಲಿ ಆರು ಲಕ್ಷ ಸಾಲ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಮನೆಸಾಲದ ಕಡತ ನೋಡಿದವಳು ನಾನು. ಎದುರು ಕೂತವರಿಗೆ ಎಷ್ಟೋ ಸಲ ಹೇಳಿದ ನಿಯಮ ನನ್ನದೇ ಸೂರಿನ ಕೆಳಗೆ ಬಂದಾಗಲೇ ಅದರ ಅನ್ಯಾಯ ಸರಿಯಾಗಿ ತಟ್ಟಿದ್ದು. ಸ್ವಂತ ವಾಸದ ಮನೆ ಕಟ್ಟಲು ಅಥವಾ ಕೊಳ್ಳಲು ಸಾಲ ಮಾಡಿದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗಿನ ಬಡ್ಡಿಯನ್ನು ಆದಾಯದಿಂದ ಕಳೆಯಬಹುದು. ಅದೇ ಮನೆಯ ರಿಪೇರಿಗೆ ಮಾಡಿದ ಸಾಲವಾದರೆ ಬರೀ 30,000. ಅಸಲಿನ ಕಂತಿಗೂ ವಿನಾಯಿತಿ ಇಲ್ಲ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಸ್ವಂತ ವಾಸದ ಮನೆಯ ಬಡ್ಡಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ನನ್ನ ಸಾಲದ ಮೊದಲ ವರ್ಷದ ಬಡ್ಡಿಯೇ 60,000 ದಾಟುತ್ತದೆ. ಅರ್ಧ ಕಾನೂನಿನ ಕಣ್ಣಿಗೇ ಬೀಳದು. 2014ರಲ್ಲಿ ಕಟ್ಟುವವರ ಮಿತಿ ಒಂದೂವರೆ ಲಕ್ಷದಿಂದ ಎರಡು ಲಕ್ಷಕ್ಕೆ ಏರಿತು. ರಿಪೇರಿಯ 30,000 ಇದ್ದಲ್ಲೇ ಉಳಿಯಿತು. ಮಲೆನಾಡಿನಲ್ಲಿ ಮಾಡು ಹೋದರೆ ಗೋಡೆ ಎಷ್ಟು ದಿನ ನಿಂತೀತು? ಆಗುಂಬೆ ಕಡೆಯ ಮಳೆಗೆ ಮೈಯೊಡ್ಡಿ ನಿಂತ ಮಣ್ಣಿನ ಗೋಡೆಯನ್ನು ಒಮ್ಮೆ ನೋಡಿದವರು ಇದನ್ನು ಸುಣ್ಣಬಣ್ಣದ ಸಾಲಿಗೆ ಸೇರಿಸಲಾರರು. ಪಕಾಸಿಯಿಂದ ಹಿಡಿದು ಇಡೀ ಮಾಡನ್ನೇ ಬದಲಿಸಿದರೆ ಅದನ್ನು ಕಟ್ಟುವ ಕೆಲಸವೆಂದೇ ಎಣಿಸಬೇಕು, ಬಡ್ಡಿಗೆ 2 ಲಕ್ಷದ ಮಿತಿಯೇ ಸಿಗಬೇಕು.

ಬಾಡಿಗೆಗೆ ಕೊಟ್ಟ ಮನೆಯಾದರೆ ಲೆಕ್ಕ ಬೇರೆ. ಮನೆಗಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ಶೇ 30 ತಾನಾಗಿ ವಜಾ ಆಗುತ್ತದೆ. ಒಂದು ಮೊಳೆ ಹೊಡೆಯದಿದ್ದರೂ ಅಷ್ಟೇ, ಇಡೀ ಮಾಡು ಹೊಸದು ಮಾಡಿದರೂ ಅಷ್ಟೇ. ಸಾಲದ ಬಡ್ಡಿಗೆ ಮಾತ್ರ ಅಲ್ಲಿ 30,000ದ ಕಟ್ಟಿಲ್ಲ.

ನಮ್ಮ ಜನ ಮರೆಯುವುದು ಮಾರುವ ದಿನದ ಲೆಕ್ಕ. ಮನೆ ಮಾರಿದಾಗ ಬರುವ ದೀರ್ಘಾವಧಿ ಲಾಭಕ್ಕೆ ಈಗ ಶೇ 12.5 ತೆರಿಗೆ. ಮನೆಗೆ ಮಾಡಿಸಿದ ಸೇರ್ಪಡೆ, ಮಾರ್ಪಾಡುಗಳ ಖರ್ಚನ್ನು ಲಾಭದಿಂದ ಕಳೆಯಬಹುದು. ಹೆಂಚು ಕೈಯಾಡಿಸಿದ ಕೂಲಿ ಅದರಲ್ಲಿ ಸೇರದು. ಮರದ ಮಾಡು ತೆಗೆದು ಕಬ್ಬಿಣದ್ದು ಕಟ್ಟಿದರೆ ಅದು ಮಾರ್ಪಾಡು ಎಂದು ವಾದಿಸಲು ಬಲವಾದ ಆಧಾರವಿದೆ. ಆದರೆ ಕಾಗದ ಬೇಕು. ನನ್ನ ಆರೂವರೆ ಲಕ್ಷದ ಮೇಲೆ ಶೇ 12.5 ಎಂದರೆ 81,250 ರೂಪಾಯಿ. ಬಿಲ್ಲು ಕಳೆದುಹೋದರೆ ಅಷ್ಟೂ ಕೈಬಿಟ್ಟಂತೆ.

ಪಿತ್ರಾರ್ಜಿತ ಮನೆಯಾದರೆ ಹಿರಿಯರು 2001ರ ಏಪ್ರಿಲ್ 1ರಿಂದ ಈಚೆಗೆ ಮಾಡಿಸಿದ ಇಂಥ ಕೆಲಸವೂ ಲೆಕ್ಕಕ್ಕೆ ಸಿಗುತ್ತದೆ. ಅಪ್ಪ 2006ರಲ್ಲಿ ಹಿತ್ತಿಲ ಕಡೆಯ ಎರಡು ಕೋಣೆಗೆ ತಾರಸಿ ಹಾಕಿಸಿದ್ದರು. ಅವರ ಡೈರಿ ತೆಗೆದು ನೋಡಿದೆ. ‘ಸಿಮೆಂಟು 90 ಚೀಲ, ಸೆಂಟ್ರಿಂಗ್‌ನವರಿಗೆ ಮುಂಗಡ 3,000’ ಎಂದು ನೀಲಿ ಶಾಯಿಯಲ್ಲಿ ದುಂಡಗೆ ಬರೆದಿದ್ದಾರೆ. ಅಂಗಡಿಯ ಒಂದು ಬಿಲ್ಲೂ ಇಲ್ಲ. ಒಂದು ರೂಪಾಯಿಗೂ ಲೆಕ್ಕ ಇಟ್ಟ ಮನುಷ್ಯ ಅವರು. ಆ ಡೈರಿಯೊಂದನ್ನೇ ಹಿಡಿದು ಅಧಿಕಾರಿಯ ಮುಂದೆ ನಿಲ್ಲುವುದು ಕಷ್ಟ.

ಹಾಗಾಗಿ ಈ ಸಲ ಬಡಗಿಯ ಕೂಲಿಯನ್ನೂ ಅವನ ಖಾತೆಗೇ ಹಾಕಿದೆ. ಅವನು ಮೊದಲು ಒಪ್ಪಲಿಲ್ಲ, ‘ನಗದೇ ಕೊಡಿ ಅಕ್ಕ, ಬ್ಯಾಂಕಿಗೆ ಹೋಗೋಕೆ ಒಂದು ದಿನದ ಕೆಲಸ ಹೋಗುತ್ತೆ’ ಅಂದ. ಫೋನಿನಲ್ಲೇ ನೋಡಬಹುದೆಂದು ತೋರಿಸಿಕೊಟ್ಟ ಮೇಲೆ ಒಪ್ಪಿ, ರಸೀದಿಗೆ ಸಹಿಯನ್ನೂ ಹಾಕಿದ. ಹಳೆ ಮಾಡು ಇಳಿಸುವ ಮೊದಲು ನಾಲ್ಕು ಫೋಟೋ ತೆಗೆದಿದ್ದೆ. ಉಳಿ ಚುಚ್ಚಿದ ಆ ಪಕಾಸಿಯದೂ ಒಂದಿದೆ. ಬಿಲ್ಲು, ರಸೀದಿ, ಫೋಟೋ ಎಲ್ಲ ಈಗ ಅಪ್ಪನ ಡೈರಿ ಇರುವ ಟ್ರಂಕಿನಲ್ಲೇ ಇವೆ.