ಮೊದಲು ಆಸಾಮಿ, ಆಮೇಲೆ ಪೂರ್ವಾಪರ

2022ರ ನವೆಂಬರ್ 19ರ ಸಂಜೆ ಮಂಗಳೂರಿನ ಕಂಕನಾಡಿ ಬಳಿ ಆಟೊರಿಕ್ಷಾವೊಂದರಲ್ಲಿ ಕುಕ್ಕರ್ ಬಾಂಬ್ ಸಿಡಿಯಿತು. ಚಾಲಕನಿಗೂ ಹಿಂದೆ ಕೂತಿದ್ದ ಪ್ರಯಾಣಿಕನಿಗೂ ಸುಟ್ಟ ಗಾಯಗಳಾದವು. ಪ್ರಯಾಣಿಕನ ಬಳಿ ಆಧಾರ್ ಕಾರ್ಡ್ ಇತ್ತು. ಅದರಲ್ಲಿದ್ದ ಹೆಸರಿನ ಜಾಡು ಹಿಡಿದು ಪೊಲೀಸರು ವಿಚಾರಿಸಿದರೆ, ಆ ಹೆಸರಿನವರು ತುಮಕೂರಿನಲ್ಲಿ ರೈಲ್ವೆ ಕೆಲಸ ಮಾಡಿಕೊಂಡು ಆರಾಮವಾಗಿದ್ದರು. ಹಿಂದೆಂದೋ ಕಳೆದುಹೋಗಿದ್ದ ಅವರ ಕಾರ್ಡು ಯಾರದೋ ಜೇಬು ಸೇರಿತ್ತು.

ಗಾಯಗೊಂಡ ಆ ಪ್ರಯಾಣಿಕ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯವನು ಎಂದು ಪೊಲೀಸರು ಆಮೇಲೆ ಹೇಳಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗದಲ್ಲಿ ದಾಖಲಾಗಿದ್ದ ಪ್ರಕರಣವೊಂದರಲ್ಲಿ ಬೇಕಾಗಿದ್ದು, ತಲೆಮರೆಸಿಕೊಂಡಿದ್ದವನು. ಅಷ್ಟರಲ್ಲಿ ಅವನು ಮೈಸೂರಿನ ಲೋಕನಾಯಕ ನಗರದಲ್ಲಿ, ಆ ರೈಲ್ವೆ ನೌಕರರ ಹೆಸರಿನಲ್ಲೇ ಕೋಣೆ ಬಾಡಿಗೆಗೆ ಹಿಡಿದಿದ್ದ. ಅಲ್ಲಿನ ಮನೆ ಮಾಲೀಕರು ಅಡ್ರೆಸ್ ಪ್ರೂಫ್ ಕೇಳದೆ ಬಿಟ್ಟವರಲ್ಲ. ಕೇಳಿದರು, ಅವನು ಕೊಟ್ಟ.

ಆ ಮಾಲೀಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದೇ ಕಾರ್ಡಿನ ಝೆರಾಕ್ಸ್ ಹಿಡಿದು ಠಾಣೆಯಲ್ಲಿ ಪೂರ್ವಾಪರ ವಿಚಾರಿಸಿದ್ದರು ಎಂದುಕೊಳ್ಳೋಣ. ಉತ್ತರ ಏನು ಬರುತ್ತಿತ್ತು? ಆ ಹೆಸರಿನ, ಆ ವಿಳಾಸದ, ಆ ಜನ್ಮದಿನಾಂಕದ ವ್ಯಕ್ತಿಯ ಮೇಲೆ ಏನೂ ಇಲ್ಲ ಎಂದು. ಆ ಉತ್ತರ ಸುಳ್ಳೂ ಆಗಿರುತ್ತಿರಲಿಲ್ಲ. ರೈಲ್ವೆ ನೌಕರರ ಚಾರಿತ್ರ್ಯ ಚೊಕ್ಕಟವಾಗಿಯೇ ಇತ್ತು. ಕೋಣೆಯಲ್ಲಿ ಮಲಗುತ್ತಿದ್ದವನು ಮಾತ್ರ ಅವರಲ್ಲ.

ಈ ಕಾರಣಕ್ಕೇ ಪೊಲೀಸ್ ವೆರಿಫಿಕೇಶನ್ ಬಗ್ಗೆ ನಾವು ಆಡುವ ಮಾತನ್ನು ತಿದ್ದಿಕೊಳ್ಳಬೇಕಾಗಿದೆ. ಶಿವಮೊಗ್ಗದ ಗೋಪಾಳದಂಥ ಬಡಾವಣೆಯಲ್ಲಿ ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ತೂಗುಬಿದ್ದ ದಿನವೇ ಬ್ರೋಕರ್ ಫೋನು ಬರುತ್ತದೆ, ಸಂಜೆಗೆ ಅಡ್ವಾನ್ಸ್ ಮಾತಾಗುತ್ತದೆ. ಕಾಗದಪತ್ರದ ವಿಷಯ ಬರುವುದು ಕೊನೆಗೆ. ಅದೂ ವಾಟ್ಸ್‌ಆ್ಯಪ್‌ನಲ್ಲಿ ಬಂದ, ಅರ್ಧ ಕತ್ತಲಾದ ಆಧಾರ್ ಫೋಟೊ ರೂಪದಲ್ಲಿ. ಮಾಲೀಕರು ಅದನ್ನೇ ಪ್ರಿಂಟ್ ಹಾಕಿಸಿ ಕಡತಕ್ಕೆ ಸೇರಿಸಿದರೆ ಜವಾಬ್ದಾರಿ ಮುಗಿಯಿತು ಎಂಬ ಭಾವನೆ. ಸ್ವಲ್ಪ ಹುಷಾರಿನವರು ರಾಜ್ಯ ಸರ್ಕಾರದ ಆನ್‌ಲೈನ್ ತಾಣ ಸೇವಾ ಸಿಂಧುವಿನಲ್ಲಿ ವೆರಿಫಿಕೇಶನ್‌ಗೆ ಅರ್ಜಿ ಹಾಕಿಸುತ್ತಾರೆ. ಆದರೆ ಅರ್ಜಿಯಲ್ಲಿ ತುಂಬುವುದು ಅದೇ ಕತ್ತಲೆ ಫೋಟೊದಲ್ಲಿರುವ ಹೆಸರನ್ನು. ಬಂದವನು ಆ ಹೆಸರಿನವನೇ ಹೌದೇ ಎಂಬ, ಬುಡದಲ್ಲಿ ಯಾರೂ ನೋಡದ ಪ್ರಶ್ನೆಯ ಮೇಲೆ ಸರ್ಕಾರಿ ಮೊಹರು ಬೀಳುತ್ತದೆ.

ಈ ತಪ್ಪಿಗೆ ಇನ್ನೊಂದು ಮುಖವೂ ಇದೆ. ಅದು ಬಡವರನ್ನು ಹೆಚ್ಚು ಕಾಡುವಂಥದ್ದು. ನಮ್ಮ ಕಡೆಯ ಎಫ್‌ಐಆರ್‌ಗಳಲ್ಲಿ ಆರೋಪಿಯ ವಿವರ ಹೇಗಿರುತ್ತದೆ ನೋಡಿ: ಮಂಜುನಾಥ @ ಮಂಜ ಬಿನ್ ರಾಮಪ್ಪ, 32 ವರ್ಷ, ಗಾರೆ ಕೆಲಸ, ಶಿವಮೊಗ್ಗ. ಇದು ಮಾದರಿಗೆ ಹೇಳಿದ ಹೆಸರು. ಆದರೆ ಶಿವಮೊಗ್ಗ, ಭದ್ರಾವತಿ ಎರಡರಲ್ಲೂ ಈ ವಿವರಕ್ಕೆ ಹೊಂದುವ ಗಾರೆಯವರು ಎಷ್ಟು ಮಂದಿ ಇದ್ದಾರು! ಸರ್‌ನೇಮ್ ಇಟ್ಟುಕೊಳ್ಳುವ ಪದ್ಧತಿ ಬಹುಪಾಲು ಕುಟುಂಬಗಳಲ್ಲಿ ಇಲ್ಲ. ಇನಿಷಿಯಲ್ ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಹೆಸರು ಇಂಗ್ಲಿಷಿಗೆ ಹೋದಾಗ ‘ಥ’ಕಾರ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕಾಗುಣಿತ ಪಡೆಯುತ್ತದೆ. ಊರಿನ ಹೆಸರೇ 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ಶಿಮೊಗದಿಂದ ಶಿವಮೊಗ್ಗ ಆಯಿತು. ಹಳೆಯ ಅಂಕಪಟ್ಟಿ, ಹಳೆಯ ಲೈಸೆನ್ಸುಗಳಲ್ಲಿ ಹಳೆಯ ಹೆಸರೇ ಉಳಿದಿದೆ. ಇಷ್ಟರ ನಡುವೆ ಕಂಪ್ಯೂಟರಿನಲ್ಲಿ ಬರೀ ಹೆಸರು ಹಾಕಿ ಹುಡುಕಿದರೆ, ಒಬ್ಬ ಮಂಜುನಾಥನ ಕೇಸು ಇನ್ನೊಬ್ಬ ಮಂಜುನಾಥನ ತಲೆಗೆ ಕಟ್ಟಿಕೊಳ್ಳಲು ಎಷ್ಟು ಹೊತ್ತು?

ಹೆಸರಷ್ಟನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಮೊಕದ್ದಮೆ ಸಾಕ್ಷಿ. 2011ರಲ್ಲಿ ಕ್ಯಾಲಿಫೋರ್ನಿಯಾದ ರಮಿರೆಜ್ ಎಂಬವರು ಕಾರು ಕೊಳ್ಳಲು ಹೋದರು. ಗ್ರಾಹಕರ ಸಾಲದ ವರದಿ ಕೊಡುವ ಟ್ರಾನ್ಸ್‌ಯೂನಿಯನ್ ಕಂಪನಿಯ ವರದಿ ಅವರ ಹೆಸರು ಭಯೋತ್ಪಾದಕರು, ಮಾದಕವಸ್ತು ದಂಧೆಕೋರರ ಸರ್ಕಾರಿ ಪಟ್ಟಿಯೊಡನೆ ಹೊಂದುತ್ತದೆ ಎಂದಿತು. ಅಂಗಡಿಯವರು ಅವರಿಗೆ ಕಾರು ಮಾರಲು ಒಪ್ಪಲಿಲ್ಲ. ಕಂಪನಿ ತಾಳೆ ನೋಡಿದ್ದು ಮೊದಲ ಮತ್ತು ಕೊನೆಯ ಹೆಸರನ್ನು ಮಾತ್ರ, ಜನ್ಮದಿನಾಂಕವನ್ನೂ ನೋಡಿರಲಿಲ್ಲ. ಹೀಗೆ ಪಟ್ಟಿಯ ಗುರುತು ಅಂಟಿಸಿಕೊಂಡವರು 8,185 ಮಂದಿ ಎಂದು ನ್ಯಾಯಾಲಯದಲ್ಲಿ ಲೆಕ್ಕ ಸಿಕ್ಕಿತು. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಯಾರ ವರದಿ ಹೊರಗಿನವರ ಕೈಸೇರಿತ್ತೋ ಆ 1,853 ಮಂದಿಗೆ ಮಾತ್ರ ಈ ತಪ್ಪು ವರದಿಗಾಗಿ ದಾವೆ ಹೂಡುವ ಹಕ್ಕಿದೆ ಎಂದಿತು. ಉಳಿದವರ ಕಡತದಲ್ಲಿ ತಪ್ಪಿತ್ತು, ಪರಿಹಾರ ಇರಲಿಲ್ಲ.

ನಮ್ಮಲ್ಲಿ ಗುರುತಿನ ತಪ್ಪು ಮನುಷ್ಯನನ್ನು ಜೈಲಿಗೂ ಕಳಿಸಿದೆ. ಕುಶಾಲನಗರ ಕಡೆಯ ಬಸವನಹಳ್ಳಿಯ ವ್ಯಕ್ತಿಯೊಬ್ಬರ ಹೆಂಡತಿ 2020ರಲ್ಲಿ ಕಾಣೆಯಾದರು. ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆ ವ್ಯಾಪ್ತಿಯಲ್ಲಿ ಸಿಕ್ಕ ಅಸ್ಥಿಪಂಜರ ಆಕೆಯದೇ ಎಂದು ತೀರ್ಮಾನಿಸಿದ ಪೊಲೀಸರು ಗಂಡನ ಮೇಲೆ ಕೊಲೆ ಕೇಸು ಹಾಕಿದರು. ಆತ ವರ್ಷಕ್ಕೂ ಮೀರಿ ಜೈಲಿನಲ್ಲಿದ್ದರು. ಡಿಎನ್‌ಎ ಹೊಂದುವುದಿಲ್ಲ ಎಂಬ ವರದಿ ಬಂದರೂ ವಿಚಾರಣೆ ನಿಲ್ಲಲಿಲ್ಲ. 2025ರ ಏಪ್ರಿಲ್ 1ರಂದು ಆಕೆ ಮಡಿಕೇರಿಯ ಹೋಟೆಲೊಂದರಲ್ಲಿ ಊಟ ಮಾಡುತ್ತಿದ್ದುದನ್ನು ಪರಿಚಿತರು ಕಂಡರು. ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಆತನನ್ನು ದೋಷಮುಕ್ತಗೊಳಿಸಿ, 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಬಾಡಿಗೆ ಮನೆಗೂ ಕೊಲೆ ಕೇಸಿಗೂ ಹೋಲಿಕೆ ಇಲ್ಲ ನಿಜ. ಆದರೆ ಎರಡೂ ಕಡೆ ಕ್ರಮ ತಲೆಕೆಳಗಾಯಿತು: ಹೆಸರು ಮೊದಲು ಅಂಟಿತು, ತಾಳೆ ನೋಡುವ ಕೆಲಸ ಹಿಂದೆ ಬಿತ್ತು.

ಹೆಸರು ನಂಬಿಕೆಗೆ ಸಾಲದು ಎಂಬುದು ಪೊಲೀಸರಿಗೆ ಹೊಸ ವಿಷಯವೇನಲ್ಲ. ಅಪರಾಧಿಗಳನ್ನು ಬೆರಳಚ್ಚಿನಿಂದ ಗುರುತಿಸುವ ಜಗತ್ತಿನ ಮೊದಲ ಬ್ಯೂರೊ ತೆರೆದದ್ದು ನಮ್ಮದೇ ಕಲ್ಕತ್ತೆಯಲ್ಲಿ, 1897ರಲ್ಲಿ. ಅದರ ವರ್ಗೀಕರಣ ಪದ್ಧತಿಗೆ ಎಡ್ವರ್ಡ್ ಹೆನ್ರಿಯ ಹೆಸರು ಬಂತು. ದುಡಿದವರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೊಲೀಸ್ ಅಧಿಕಾರಿಗಳಿದ್ದರು. ಈಗ ಕರ್ನಾಟಕದ ಗಸ್ತು ಪೊಲೀಸರು ಅನುಮಾನ ಬಂದವರ ಬೆರಳಚ್ಚನ್ನು ರಸ್ತೆಯಲ್ಲೇ ಮೊಬೈಲ್ ಆ್ಯಪ್ ಮೂಲಕ ತಾಳೆ ನೋಡುತ್ತಾರೆ. ಬಾಡಿಗೆದಾರರ, ಮನೆಗೆಲಸದವರ, ಸೆಕ್ಯುರಿಟಿ ಗಾರ್ಡುಗಳ ವೆರಿಫಿಕೇಶನ್ ವಿಷಯಕ್ಕೆ ಬಂದಾಗ ಮಾತ್ರ ವ್ಯವಸ್ಥೆ ಮತ್ತೆ ಹೆಸರು, ವಿಳಾಸಗಳಿಗೇ ಇಳಿಯುತ್ತದೆ. ಹಾಗೆಂದು ಬಾಡಿಗೆಗೆ ಬರುವವರೆಲ್ಲರ ಬೆರಳಚ್ಚು ತೆಗೆಯಿರಿ ಎನ್ನುವುದು ಅತಿರೇಕ. ಅದಕ್ಕಿಂತ ಸುಲಭದ, ಗೌರವದ ದಾರಿ ಇದೆ.

ಆಧಾರ್ ಪ್ರಾಧಿಕಾರವೇ ಮಂಗಳೂರು ಸ್ಫೋಟ ನಡೆದ ಆ ನವೆಂಬರ್ ತಿಂಗಳಲ್ಲಿ ಆ ದಾರಿ ಹೇಳಿತ್ತು: ಕಾರ್ಡು ತೋರಿಸಿದ ಕೂಡಲೇ ಒಪ್ಪಬೇಡಿ, ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಿ ನೋಡಿ. ಪ್ರಾಧಿಕಾರದ ಉಚಿತ ಆ್ಯಪ್‌ನಲ್ಲಿ ಆ ಚೌಕವನ್ನು ಸ್ಕ್ಯಾನ್ ಮಾಡಿದರೆ, ಡಿಜಿಟಲ್ ಸಹಿಯಿರುವ ಹೆಸರು, ಜನ್ಮದಿನಾಂಕ, ವಿಳಾಸದ ಜೊತೆ ಫೋಟೊ ಕೂಡ ಪರದೆ ಮೇಲೆ ಮೂಡುತ್ತದೆ. ಕಾರ್ಡಿನ ಮೇಲೆ ಬೇರೆ ಫೋಟೊ ಅಂಟಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಕಾರ್ಡು ಅಸಲಿಯೇ ಆಗಿ, ತಂದವನು ಬೇರೆಯಾಗಿದ್ದರೆ ಅದನ್ನು ಬರೀ ಸ್ಕ್ಯಾನ್ ಹೇಳದು. ಎದುರು ನಿಂತವನ ಮುಖವನ್ನು ಮಾಲೀಕರೇ ಕಣ್ಣಿಟ್ಟು ನೋಡಬೇಕು. ವಾಟ್ಸ್‌ಆ್ಯಪ್ ಫೋಟೊ ಸಾಲದು, ಅಸಲು ಕಾರ್ಡೂ ಆಸಾಮಿಯೂ ಒಟ್ಟಿಗೆ ಬರಬೇಕು ಎನ್ನುವುದು ಇದಕ್ಕೇ.

ಆಧಾರನ್ನೇ ಕೊಡಿ ಎಂದು ಹಟ ಹಿಡಿಯುವುದೂ ಸರಿಯಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಹೂಡಿದ ಅರ್ಜಿಯಿಂದ ಸುಪ್ರೀಂ ಕೋರ್ಟಿನ ಎರಡು ದೊಡ್ಡ ತೀರ್ಪುಗಳು ಬಂದವು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಾಯಿತು. 2018ರ ಸೆಪ್ಟೆಂಬರ್ 26ರಂದು, ಖಾಸಗಿಯವರು ಆಧಾರ್ ದೃಢೀಕರಣ ಕೇಳಲು ಅವಕಾಶ ಕೊಟ್ಟಿದ್ದ ಆಧಾರ್ ಕಾಯ್ದೆಯ 57ನೇ ಕಲಮಿನ ಭಾಗ ಬಿದ್ದುಹೋಯಿತು. 2019ರ ತಿದ್ದುಪಡಿ, ವ್ಯಕ್ತಿ ಒಪ್ಪಿದರೆ ಮಾತ್ರ ಆಫ್‌ಲೈನ್ ಪರಿಶೀಲನೆಗೆ ಹಾದಿ ಮಾಡಿತು. ಹಾಗೆ ಪರಿಶೀಲಿಸುವ ಸಂಸ್ಥೆ ಆಧಾರ್ ಸಂಖ್ಯೆಯನ್ನು ಕೂಡಿಡುವಂತಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ, ಪಾಸ್‌ಪೋರ್ಟ್ ಇದೆ, ವೋಟರ್ ಐಡಿ ಇದೆ, ಡಿಜಿಲಾಕರ್‌ನಲ್ಲಿ ಡ್ರೈವಿಂಗ್ ಲೈಸೆನ್ಸ್ ಇದೆ. ಮನೆಮನೆಯ ಡ್ರಾಯರಿನಲ್ಲಿ, ಸೆಕ್ಯುರಿಟಿ ಏಜೆನ್ಸಿಗಳ ಕಪಾಟಿನಲ್ಲಿ ಬಿದ್ದಿರುವ ಝೆರಾಕ್ಸ್‌ಗಳೇ ನಾಳೆ ಇನ್ನೊಬ್ಬ ಬಾಡಿಗೆದಾರನ ‘ಪ್ರೂಫ್’ ಆಗಬಲ್ಲವು ಎಂಬುದನ್ನು ಮರೆಯಬಾರದು.

ಹಾಗಾದರೆ ಮಾಲೀಕರೇ ಪೊಲೀಸರಾಗಬೇಕೇ ಎಂದು ಕೆಲವರು ಕೇಳುತ್ತಾರೆ. ಮನೆ ಕೊಡುವವರಿಗೆ ತನಿಖೆ ಬರುವುದಿಲ್ಲ, ಠಾಣೆ ಇರುವುದು ಏತಕ್ಕೆ ಎಂಬ ವಾದ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಠಾಣೆಯ ಬರಹಗಾರರಿಗೆ ಆ ಬಾಡಿಗೆದಾರ ಕಾಗದದ ಮೇಲಿನ ಹೆಸರು. ಮುಖ ನೋಡುವ ಅವಕಾಶ ಸಿಕ್ಕಿರುವುದು ಮಾಲೀಕರಿಗೆ. ಇಂಗ್ಲೆಂಡಿನಲ್ಲಿ ಉದ್ಯೋಗಿಗಳ ಅಪರಾಧ ದಾಖಲೆ ಪರಿಶೀಲಿಸುವ ಸರ್ಕಾರಿ ಸಂಸ್ಥೆ ಡಿಬಿಎಸ್ ಈ ಹೊಣೆಯನ್ನು ನೇರವಾಗಿ ಕೆಲಸ ಕೊಡುವವರ ಕಡೆಗೆ ಹಾಕಿದೆ. ಅಸಲು ದಾಖಲೆಗಳನ್ನು ನೋಡಿ, ಒಂದರಲ್ಲಿ ಈಗಿನ ವಿಳಾಸ, ಇನ್ನೊಂದರಲ್ಲಿ ಜನ್ಮದಿನಾಂಕ ಖಚಿತಪಡಿಸಿಕೊಂಡ ಮೇಲೆಯೇ ಅರ್ಜಿ ಮುಂದೆ ಹೋಗುತ್ತದೆ. ನಮ್ಮಲ್ಲೂ ವಿದೇಶಕ್ಕೆ ಹೋಗುವವರಿಗೆ ಪಾಸ್‌ಪೋರ್ಟ್ ಕಚೇರಿ ಕೊಡುವ ಪೊಲೀಸ್ ಕ್ಲಿಯರೆನ್ಸ್ ಹೆಚ್ಚು ನಂಬಲರ್ಹವಾಗಿರುವುದು ಇದೇ ಕಾರಣಕ್ಕೆ. ಅಲ್ಲಿ ಫೋಟೊ, ಬೆರಳಚ್ಚು, ವಿಳಾಸ ಮೊದಲೇ ಪಾಸ್‌ಪೋರ್ಟಿಗೆ ಕಟ್ಟುಬಿದ್ದಿರುತ್ತವೆ.

ಭದ್ರಾವತಿಯ ಗುತ್ತಿಗೆ ಕಾರ್ಮಿಕರಿಗಾಗಲಿ, ಗೋಪಾಳದ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗಾಗಲಿ ಇಷ್ಟೇ ಕಟ್ಟುನಿಟ್ಟು, ಇಷ್ಟೇ ನ್ಯಾಯ ಸಿಗಬೇಕು. ವರದಿಯಲ್ಲಿ ಏನಾದರೂ ಬಂದರೆ ಅದು ತನ್ನದೋ ತನ್ನ ಹೆಸರಿನ ಇನ್ನೊಬ್ಬನದೋ ಎಂದು ಹೇಳಿಕೊಳ್ಳಲು ಆತನಿಗೆ ಅವಕಾಶ ಬೇಕು. ದಾಖಲಾದ ಎಫ್‌ಐಆರ್ ಶಿಕ್ಷೆಯಲ್ಲ ಎಂಬುದೂ ಓದುವವರಿಗೆ ಗೊತ್ತಿರಬೇಕು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಅರ್ಜಿ ನಮೂನೆ ತಿದ್ದಿದರೆ ಆದೀತು. ವೆರಿಫಿಕೇಶನ್ ಅರ್ಜಿಯಲ್ಲಿ ಮೂರು ಕಡ್ಡಾಯ ಕಾಲಂಗಳಿರಲಿ: ಅಸಲು ದಾಖಲೆಯನ್ನೂ ಆಸಾಮಿಯನ್ನೂ ಒಟ್ಟಿಗೆ ನೋಡಿದವರು ಯಾರು, ಯಾವ ತಾರೀಖು, ಯಾವ ವಿಧಾನದಲ್ಲಿ ತಾಳೆ ನೋಡಿದರು. ಅವು ಖಾಲಿ ಇರುವ ಅರ್ಜಿಯನ್ನು ಠಾಣೆ ವಾಪಸ್ ಕಳಿಸಲಿ. ಬಂದ ವರದಿಯ ಒಂದು ಪ್ರತಿ, ಯಾರ ಪೂರ್ವಾಪರ ವಿಚಾರಿಸಲಾಯಿತೋ ಅವರ ಕೈಗೂ ಹೋಗಲಿ. ಜಿಲ್ಲಾ ಪೊಲೀಸರು ಮನಸ್ಸು ಮಾಡಿದರೆ ಇದನ್ನು ಶಿವಮೊಗ್ಗದಲ್ಲೇ ಪ್ರಾಯೋಗಿಕವಾಗಿ ಶುರುಮಾಡಬಹುದು.