ಆ ವೆಬ್‌ಸೈಟು ಯಾರದು?

2020ರ ಮಾರ್ಚ್ 13ರಂದು ಶ್ವೇತಭವನದ ತೋಟದಲ್ಲಿ ನಿಂತು ಟ್ರಂಪ್ ಹೇಳಿದ್ದು ನೆನಪಿದೆಯಾ? ಕೊರೊನಾ ಪರೀಕ್ಷೆಗೆ ಗೂಗಲ್ ವೆಬ್‌ಸೈಟ್ ಮಾಡ್ತಿದೆ, 1,700 ಇಂಜಿನಿಯರುಗಳು ಕೂತಿದ್ದಾರೆ ಅಂತ. ಅವತ್ತೇ ಬಯಲಾಯ್ತು: ಮಾಡ್ತಿದ್ದದ್ದು ಗೂಗಲ್ ಅಲ್ಲ, ಅದರ ದಾಯಾದಿ ಕಂಪನಿ ವೆರಿಲಿ. ಅದೂ ಇಡೀ ದೇಶಕ್ಕಲ್ಲ, ಮೊದಲಿಗೆ ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತ, ಪ್ರಯೋಗಕ್ಕೆ.

ಟ್ರಂಪ್ ಬಾಯಿಬಡುಕ ಅಂತ ನಕ್ಕು ಬಿಡಬಹುದು. ಆದರೆ ಆ ಸೈಟಿನ ಒಳಗೆ ಹೋಗೋಕೆ ಗೂಗಲ್ ಖಾತೆ ಬೇಕಿತ್ತು. ಜ್ವರ ಬಂದವನು ಮೊದಲು ಜಿಮೇಲ್ ತೆರೀಬೇಕು! ಕಪ್ಪು ಜನರ, ಬಡವರ ಕೇರಿಗಳಿಗೆ ಇದು ತಲುಪಲ್ಲ, ಮಾಹಿತಿ ಯಾರ ಕೈ ಸೇರುತ್ತೋ ಗೊತ್ತಿಲ್ಲ ಅಂತ ತಕರಾರು ಎದ್ದಿತು. ಸ್ಯಾನ್‌ಫ್ರಾನ್ಸಿಸ್ಕೊ, ಅಲಮೇಡಾ ಕೌಂಟಿಗಳು ವೆರಿಲಿಯ ಸಹವಾಸವನ್ನೇ ಬಿಟ್ಟವು.

ನಮ್ಮಲ್ಲೇನು ಕಮ್ಮಿ? ಆರೋಗ್ಯ ಸೇತು ಆಪ್ ಮಾಡಿದ್ದು ಯಾರು ಅಂತ ಆರ್‌ಟಿಐ ಹಾಕಿದರೆ ಮಾಹಿತಿ ಇಲ್ಲ ಅಂದರು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಮಾಹಿತಿ ಆಯೋಗವೇ ನೋಟಿಸ್ ಕೊಡಬೇಕಾಯ್ತು. ಮರುವರ್ಷ 18ರಿಂದ 44 ವಯಸ್ಸಿನವರಿಗೆ ಲಸಿಕೆ ಶುರುವಾದಾಗ ಕೋವಿನ್‌ನಲ್ಲಿ ಸ್ಲಾಟ್ ಹಿಡೀಬೇಕಿತ್ತು. ಸ್ಮಾರ್ಟ್‌ಫೋನ್ ಇಲ್ಲದ ಕೇರಿಯ ಹುಡುಗರು ಎಲ್ಲಿ ಹಿಡೀತಾರೆ? ಸುಪ್ರೀಂ ಕೋರ್ಟ್ ಕೂಡ ಇದನ್ನೇ ಕೇಳಿತು.

ನಾನು ಗುಮಾಸ್ತ. ನಮ್ಮ ಆಫೀಸಲ್ಲಿ ಫೈಲ್ ಕಳೆದರೆ ಯಾವ ಟೇಬಲ್ ಅಂತ ಜಗಳ ಆಡಬಹುದು. ಆಪಿಗೆ ಟೇಬಲ್ಲೇ ಇಲ್ಲ.

ಮುಂದೆ ಸರ್ಕಾರ ಯಾವುದೇ ಆರೋಗ್ಯದ ಆಪ್ ತಂದರೂ ಕಂಪನಿ ಜೊತೆಗಿನ ಒಪ್ಪಂದದ ಪ್ರತಿ ಕೇಳಿ, ಫೋನ್ ಇಲ್ಲದವರಿಗೆ ದಾರಿ ಏನು ಅಂತ ಕೇಳಿ. ಆರ್‌ಟಿಐ ಶುಲ್ಕ 10 ರೂಪಾಯಿ. ಅರ್ಜಿ ಬರೆಯೋಕೆ ತೊಡಕಾದರೆ ಇನ್‌ಬಾಕ್ಸಿಗೆ ಬನ್ನಿ.