ಆರು ವಾರದ ಬಿಡಾರ

‘ಸರ್ವಿಸ್ ಅಪಾರ್ಟ್‌ಮೆಂಟ್ ಅಂದರೆ ಕಂಪನಿ ದುಡ್ಡಲ್ಲಿ ಬರುವವರ ಷೋಕಿ. ನಮ್ಮ ಕಟ್ಟಡದಲ್ಲಿ ಅದೆಲ್ಲ ಬೇಡ.’ ಬೆಂಗಳೂರಿನ ನಿವಾಸಿಗಳ ಸಂಘವೊಂದರ ಸಭೆಯಲ್ಲಿ ಹಿರಿಯರೊಬ್ಬರು ಹೀಗೆಂದಾಗ ಬಹಳ ಮಂದಿ ತಲೆಯಾಡಿಸಿದರು. ನನಗಿದು ಒಪ್ಪಿಗೆಯಿಲ್ಲ. ತಿಂಗಳು, ಒಂದೂವರೆ ತಿಂಗಳು ಪರವೂರಲ್ಲಿ ಇರಲೇಬೇಕಾದವರಿಗೆ ಅಡುಗೆಮನೆಯಿರುವ, ದೊಡ್ಡ ಮುಂಗಡ ಕೇಳದ ಬಿಡಾರ ಸಿಗಬೇಕು. ಅದು ದೊಡ್ಡ ಊರಿನ ಕರ್ತವ್ಯ.

ಕಂಪನಿ ನೌಕರರು ಬರುತ್ತಾರೆ, ನಿಜ. ಆದರೆ ರಾಯಚೂರಿನಿಂದಲೋ ಕೊಪ್ಪಳದಿಂದಲೋ ಕ್ಯಾನ್ಸರ್ ಚಿಕಿತ್ಸೆಗೆಂದು ಬರುವ ಕುಟುಂಬವನ್ನು ನೆನೆಯಿರಿ. ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ಯಂತ್ರದ ಕೆಳಗೆ ಮಲಗುವುದು ದಿನಕ್ಕೆ ಕೆಲವೇ ನಿಮಿಷ. ಊರಿಗೆ ಹೋಗಿ ಬರುವಂತಿಲ್ಲ, ಆಸ್ಪತ್ರೆ ಹಾಸಿಗೆ ಕೊಡುವುದಿಲ್ಲ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಬಾಯೆಲ್ಲ ಹುಣ್ಣು. ಖಾರ, ಹುಳಿ ತಾಗಿದರೆ ಉರಿ. ಆಗ ಒಳಗಿಳಿಯುವುದು ಮೆತ್ತಗೆ ಬೆಂದ ಅನ್ನ, ಆರಿದ ಗಂಜಿ, ತೆಳ್ಳನೆಯ ರಾಗಿ ಅಂಬಲಿ, ಅದೂ ಎರಡೆರಡು ಗಂಟೆಗೆ ನಾಲ್ಕು ಚಮಚ. ತಿನ್ನದೆ ತೂಕ ಇಳಿದರೆ ಚಿಕಿತ್ಸೆಯೇ ಹಳಿ ತಪ್ಪಬಹುದು: ತಲೆ ಅಲುಗದಂತೆ ಮುಖದ ಅಳತೆಗೆ ಮಾಡಿದ ಅಚ್ಚು ಸಡಿಲವಾಗುತ್ತದೆ, ಕಿರಣದ ಲೆಕ್ಕವನ್ನು ಮತ್ತೆ ಹಾಕಬೇಕಾಗುತ್ತದೆ. ಅಂದರೆ ಒಂದು ಗ್ಯಾಸ್ ಒಲೆಯೂ ಚಿಕಿತ್ಸೆಯ ಭಾಗವೇ. ‘ಹೋಟೆಲಿಂದ ತರಿಸಿಕೊಳ್ಳಲಿ’ ಎನ್ನುವವರು ಅಂಥ ರೋಗಿಯ ಪಕ್ಕ ಒಂದು ಹೊತ್ತೂ ಕೂತವರಲ್ಲ.

ಈ ಕುಟುಂಬಕ್ಕೆ ನಗರ ಏನು ಕೊಡುತ್ತದೆ? ಒಂದೋ ದಿನದ ಲೆಕ್ಕದ ಲಾಡ್ಜ್, ಇಲ್ಲವೇ 11 ತಿಂಗಳ ಬಾಡಿಗೆ ಕರಾರು. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾದ್ದರಿಂದ ಹುಟ್ಟಿದ ರೂಢಿ ಅದು. ಜೊತೆಗೆ ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸು. ತೆರಿಗೆಯಲ್ಲೂ ಇದೇ ಕುರುಡು. ತಿಂಗಳಿಗೆ ತಲಾ 20,000 ರೂಪಾಯಿವರೆಗಿನ ವಸತಿಗೆ ವಿನಾಯಿತಿ ಕೊಡಲು ಜಿಎಸ್‌ಟಿ ಮಂಡಳಿ 2024ರ ಜೂನ್‌ನಲ್ಲಿ ಶಿಫಾರಸು ಮಾಡಿತು. ಹಾಸ್ಟೆಲು, ಪಿಜಿಗಳಲ್ಲಿರುವವರಿಗೆ ಅನುಕೂಲವಾದ ಒಳ್ಳೆಯ ನಿರ್ಧಾರವೇ. ಆದರೆ ಷರತ್ತು: ಕನಿಷ್ಠ 90 ದಿನ ಎಡೆಬಿಡದೆ ಇರಬೇಕು. ಆರೇಳು ವಾರದ ರೋಗಿ ಆ ಲೆಕ್ಕಕ್ಕೇ ಬರುವುದಿಲ್ಲ.

ನಮ್ಮ ಹಿಂದಿನವರು ಈ ವಿಷಯದಲ್ಲಿ ಹೆಚ್ಚು ತಿಳಿದವರು. ವ್ಯಾಪಾರದಲ್ಲಿ ಗಳಿಸಿದ ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರ 1903ರಲ್ಲಿ ತೆರೆಯಿತು. ಪ್ರಯಾಣಿಕರ ಜೊತೆಗೆ ಪರವೂರಿನ ವಿದ್ಯಾರ್ಥಿಗಳಿಗೂ ಅವರು ವಸತಿಯ ಏರ್ಪಾಟು ಮಾಡಿದರು. ಎರಡು ದಿನಕ್ಕೆ ಬಂದವರ ಅಗತ್ಯ ಬೇರೆ, ತಿಂಗಳುಗಟ್ಟಲೆ ಇರುವವರ ಅಗತ್ಯ ಬೇರೆ ಎಂಬುದು ಅವರಿಗೆ ಗೊತ್ತಿತ್ತು.

ವಿರೋಧಿಸುವವರ ಆತಂಕದಲ್ಲಿ ಹುರುಳಿದೆ. ವಾಸದ ಮನೆಗಳು ಪ್ರವಾಸಿಗಳ ಪಾಲಾದರೆ ಊರಿನವರ ಬಾಡಿಗೆ ಏರುತ್ತದೆ. ಬಾರ್ಸಿಲೋನಾ ನಗರ ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನು 2028ರೊಳಗೆ ಕೊನೆಗೊಳಿಸುವುದಾಗಿ ಸಾರಿದ್ದು ಇದೇ ಕಾರಣಕ್ಕೆ. ಮೆಟ್ಟಿಲಲ್ಲಿ ದಿನಕ್ಕೊಂದು ಅಪರಿಚಿತ ಮುಖ ಕಂಡರೆ ಮಕ್ಕಳಿರುವ ಮನೆಯವರಿಗೆ ದಿಗಿಲಾಗುವುದೂ ಸಹಜ. ಆದರೆ ನ್ಯೂಯಾರ್ಕ್ ನಗರ 2023ರಿಂದ ಬಿಗಿಯಾಗಿ ಜಾರಿಗೆ ತಂದ ನಿಯಮ ನೋಡಿ: ಅದು ಹಿಡಿಯುವುದು 30 ದಿನಕ್ಕಿಂತ ಕಡಿಮೆಯ ವಾಸವನ್ನು. ಶನಿವಾರ ರಾತ್ರಿಯ ಮೋಜಿಗೆ ಬರುವವರನ್ನೂ ಒಂದೂವರೆ ತಿಂಗಳು ಗಂಜಿ ಬೇಯಿಸಿಕೊಂಡಿರುವವರನ್ನೂ ಒಂದೇ ನಿಯಮದಲ್ಲಿ ಹೊರಗಟ್ಟುವುದು ಅನ್ಯಾಯ.

ಈಗಿನ ಸರ್ವಿಸ್ ಅಪಾರ್ಟ್‌ಮೆಂಟುಗಳ ದರ ಬಡವರಿಗೆ ಎಟುಕದು ಎಂಬುದೂ ಸರಿಯೇ. ಹಾಗಾಗಿಯೇ ಇದನ್ನು ಮಾರುಕಟ್ಟೆಗೆ ಬಿಟ್ಟು ಕೂರುವಂತಿಲ್ಲ. ನಿವಾಸಿಗಳ ಸಂಘಗಳು ಗುರುತಿನ ದಾಖಲೆ ಪಡೆದು, 30 ದಿನದ ಕೆಳಮಿತಿ ಹಾಕಿ ಬಾಗಿಲು ತೆರೆಯಲಿ. ತೆರಿಗೆ ವಿನಾಯಿತಿಯ 90 ದಿನ 30ಕ್ಕೆ ಇಳಿಯಲಿ. ದೊಡ್ಡ ಆಸ್ಪತ್ರೆಗಳಿಗೆ ಹೊಸ ಕಟ್ಟಡದ ಪರವಾನಗಿ ಕೊಡುವಾಗಲೇ, ಒಲೆ ಪಾತ್ರೆಗಳಿರುವ, ಕೈಗೆಟುಕುವ ಬಾಡಿಗೆಯ ಇಂತಿಷ್ಟು ಕೋಣೆಗಳನ್ನು ಪರವೂರಿನ ರೋಗಿಗಳಿಗೆಂದು ಕಟ್ಟಬೇಕೆಂಬ ಷರತ್ತನ್ನು ಸರ್ಕಾರ ಹಾಕಲಿ.